ಬೀಗ ಹಾಕಿದ ಕೋಣೆ

ಇಲ್ಲಿ ಏನಾದರೂ ಬರೆದು ತುಂಬಾ ದಿನಗಳಾದವು. ವಿಷಯ ಇರಲಿಲ್ಲ ಅಂತಲ್ಲ, ಸೋಮಾರಿತನ ಅಷ್ಟೆ. ಇವತ್ತು ಬರೆಯೋಕೆ ಕೂತಿದ್ದಕ್ಕೆ ಕಾರಣ ನನ್ನ ಮಗಳು.

ಮೊನ್ನೆ ರಾತ್ರಿ ಹನ್ನೊಂದಾದರೂ ಅವಳ ಕೋಣೆಯಲ್ಲಿ ದೀಪ ಉರೀತಾ ಇತ್ತು. ಪರೀಕ್ಷೆಗೆ ಓದ್ತಿದ್ದಾಳೇನೋ ಅಂತ ಖುಷಿಯಿಂದ ಇಣುಕಿದರೆ, ಮೊಬೈಲಿನಲ್ಲಿ ಯಾವುದೋ ಇಂಗ್ಲಿಷ್ ಕಾದಂಬರಿ! ಏನಮ್ಮಾ ಅದು ಅಂದೆ.

"ವಿಕ್ಟೋರಿಯಾ ರಾಣಿ ಕಾಲದ ಕಥೆ ಅಪ್ಪಾ. ಹೊಸದಾಗಿ ಮದುವೆಯಾದವರು ಒಂದು ಹಳೇ ಬಂಗಲೆಗೆ ಹೋಗ್ತಾರೆ. ಅಲ್ಲಿ ದೆವ್ವಗಳು. ಗಂಡ ಹೆಂಡತಿ ಇಬ್ಬರೂ ಸೇರಿ ಅವುಗಳ ಜೊತೆ ಹೋರಾಡ್ತಾರೆ. ಲವ್ ಸ್ಟೋರಿನೂ ಇದೆ, ಮಾಯ ಮಂತ್ರನೂ ಇದೆ."

ಅಡುಗೆಮನೆಯಿಂದ ಇವಳ ದನಿ ಬಂತು. "ಅದಕ್ಕೆ ಇಂಗ್ಲೆಂಡಿಗೆ ಯಾಕೆ ಹೋಗ್ತೀಯ? ನಿಮ್ಮಪ್ಪನ್ನ ಕೇಳು, ಸಿದ್ದಾಪುರದ್ದೇ ಒಂದು ಇದೆ."

ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ನಾವಿಬ್ಬರೂ ಹೊರಗೆ ಯಾರಿಗೂ ಹೇಳದ ಮಾತು ಅದು. ಮಗಳಿಗೆ ಅವತ್ತು ರಾತ್ರಿ ಹೇಳಿದೆ. ಇಲ್ಲಿ ಬರೆಯೋದಕ್ಕೆ ಇಬ್ಬರ ಹತ್ತಿರವೂ ಅನುಮತಿ ತಗೊಂಡಿದ್ದೀನಿ.

ಮೊದಲು ನಮ್ಮೂರು. ಮೊಳಕಾಲ್ಮೂರು ತಾಲ್ಲೂಕಿನ ಸಿದ್ದಾಪುರ, ಚಳ್ಳಕೆರೆ ದಾಟಿ ಬಳ್ಳಾರಿ ಕಡೆಗೆ ಬರಬೇಕು. ಅಶೋಕ ಸಿದ್ದಾಪುರ ಅಂದರೆ ಬೇಗ ಗೊತ್ತಾಗುತ್ತೆ. ಸಿದ್ದಾಪುರ, ಪಕ್ಕದ ಬ್ರಹ್ಮಗಿರಿ, ಎದುರಿನ ಜಟಿಂಗ ರಾಮೇಶ್ವರ ಬೆಟ್ಟ, ಈ ಮೂರೂ ಕಡೆ ಅಶೋಕನ ಶಾಸನಗಳಿವೆ. 1892ರಲ್ಲಿ ಬಿ. ಎಲ್. ರೈಸ್ ಕಂಡುಹಿಡಿದದ್ದು. ಅದಕ್ಕೆ ಮುಂಚೆಯೂ ನಮ್ಮ ಜನಕ್ಕೆ ಬಂಡೆ ಮೇಲೆ ಏನೋ ಬರೆದಿದೆ ಅಂತ ಗೊತ್ತಿತ್ತು. ಬ್ರಹ್ಮಗಿರಿಯ ಬಂಡೆಗೆ ಅಕ್ಷರಗುಂಡು ಅಂತಲೇ ಹೆಸರು. ಓದೋಕೆ ಮಾತ್ರ ಯಾರಿಗೂ ಬರ್ತಿರಲಿಲ್ಲ.

ನಮ್ಮ ಮದುವೆ ಆಗಿದ್ದು 2004ರ ಮೇ ತಿಂಗಳಲ್ಲಿ. ನಾನು ಬೆಂಗಳೂರಿನಲ್ಲಿ ಕೆಲಸಕ್ಕಿದ್ದೆ. ಇವಳು ತೀರ್ಥಹಳ್ಳಿ ಕಡೆಯವಳು, ಇಂಗ್ಲಿಷ್ ಎಂ.ಎ. ಮದುವೆಯಾದ ತಿಂಗಳಿಗೇ ಆಷಾಢ ಬಂತು, ತವರಿಗೆ ಹೋದಳು. ಆ ವರ್ಷ ಅದರ ಬೆನ್ನಿಗೇ ಅಧಿಕ ಶ್ರಾವಣ ಬೇರೆ! ಎರಡು ತಿಂಗಳು ನಾನು ಬೆಂಗಳೂರಲ್ಲಿ, ಅವಳು ಅಲ್ಲಿ. ಆಮೇಲೆ ಗೌರಿ ಹಬ್ಬಕ್ಕೆ ಅಂತ ಇಬ್ಬರೂ ಸಿದ್ದಾಪುರಕ್ಕೆ ಬಂದ್ವಿ. ಹೊಸ ಸೊಸೆ ಮನೆಯಲ್ಲಿ ನಾಲ್ಕು ದಿನ ನಿಲ್ಲಲಿ ಅಂತ ಅಮ್ಮನ ಆಸೆ.

ನಮ್ಮದು ಹಳೇ ಕಾಲದ ಮಾಳಿಗೆ ಮನೆ. ಇರೋದೇ ಮೂರು ಕೋಣೆ. ನಡುಮನೆ ಪಕ್ಕದ ಕೋಣೆಗೆ 1986ರಿಂದ ಬೀಗ. ಶೇಂಗಾ ಚೀಲ, ಒಡೆದ ಕುರ್ಚಿ, ಅಂಥದ್ದೆಲ್ಲಾ ಅದರೊಳಗೆ. ಗಂಡ ಹೆಂಡತಿಗೆ ಬೇರೆ ಕೋಣೆ ಇಲ್ಲದೆ ಅಪ್ಪ ಅದನ್ನೇ ತೆರೆಸಿ ಸುಣ್ಣ ಬಳಿಸಿದ್ದರು. ನಾವು ಬಂದ ದಿನ ಅಮ್ಮ ನನ್ನನ್ನು ಹಿತ್ತಲಿಗೆ ಕರೆದು ಮೆಲ್ಲಗೆ ಹೇಳಿದಳು, "ಆಕೀಗೆ ಏನೂ ಹೇಳ್ಬ್ಯಾಡಪ್ಪ. ಹೊಸ ಹುಡುಗಿ, ಹೆದ್ರಿಕೊಂತಾಳೆ."

ನಾನು ಹೇಳಲಿಲ್ಲ.

ಮೊದಲನೇ ರಾತ್ರಿಯೇ ಇವಳಿಗೆ ಎಚ್ಚರ ಆಯ್ತು. ಯಾರೋ ಕಾಲ ಹತ್ತಿರ ಕೂತ ಹಾಗಾಯ್ತು ಅಂದಳು. ಕನಸು ಮಲಕ್ಕೋ ಅಂದೆ. ಎರಡನೇ ರಾತ್ರಿ ಗೋಡೆ ಕೆರೆಯೋ ಸದ್ದು. ಇಲಿ ಕಣೇ ಅಂದೆ. ನಿಜಕ್ಕೂ ಇಲಿಯೇ ಇರಬಹುದು. ಆದರೆ ನನ್ನ ದನಿ ಸರಿ ಇರಲಿಲ್ಲ ಅನ್ನಿಸುತ್ತೆ, ಅವಳು ನನ್ನ ಮುಖವನ್ನೇ ನೋಡ್ತಾ ಇದ್ದಳು. ಮೂರನೇ ದಿನ ಜ್ವರ. ಅಕ್ಕಪಕ್ಕದವರು ಬಂದು ನೋಡಿ "ಗಾಳಿ ಸೋಕೈತೆ" ಅಂದರು. ಅಮ್ಮ ಉಪ್ಪು, ಮೆಣಸಿನಕಾಯಿ, ಪೊರಕೆ ಕಡ್ಡಿ ನಿವಾಳಿಸಿ ಒಲೆಗೆ ಹಾಕಿದಳು. ಕೈಗೆ ಕರೀ ದಾರ ಕಟ್ಟಿದಳು. ಇವಳು ನಗುನಗುತ್ತಾ ಎಲ್ಲಾ ಮಾಡಿಸಿಕೊಂಡಳು. ಮಾತ್ರೆಯನ್ನೂ ನುಂಗಿದಳು. ಎರಡು ದಿನಕ್ಕೆ ಜ್ವರ ಬಿಡ್ತು. ಯಾವುದಕ್ಕೆ ಬಿಡ್ತು ಅಂತ ಕೇಳಬೇಡಿ :)

ಜ್ವರ ಬಿಟ್ಟ ಮೇಲೆ ಇವಳು ನಲ್ಲಿ ಹತ್ತಿರ ನೀರಿಗೆ ಹೋದಳು. ಅಲ್ಲಿ ಒಬ್ಬ ಅಜ್ಜಿ ಕೇಳಿದಳಂತೆ, "ಆ ಕೋಣ್ಯಾಗೇ ಮಲಗ್ತೀಯೇನೇ ತಾಯಿ? ಆ ಹುಡುಗಿ ಹೋಗಿದ್ದು ಅದರಾಗೇ ಅಲ್ಲೇನು..."

ಕೊಡ ತಂದು ಇಳಿಸಿದವಳು ಇಡೀ ದಿನ ನನ್ನ ಹತ್ತಿರ ಮಾತಾಡಲಿಲ್ಲ. ರಾತ್ರಿ ಒಂದೇ ಮಾತು ಹೇಳಿದಳು. "ದೆವ್ವಕ್ಕೆ ನಾನು ಹೆದರಲ್ಲ ರೀ. ನಿಮಗೆ ಗೊತ್ತಿತ್ತು. ನನಗೆ ಭಯ ಆದಾಗ ಇಲಿ ಅಂದ್ರಲ್ಲ, ಅದಕ್ಕೆ ಹೆದರಿಕೆ."

ಮದುವೆಯಾಗಿ ಐದು ತಿಂಗಳೂ ಆಗಿರಲಿಲ್ಲ. ಅದರಲ್ಲಿ ಒಟ್ಟಿಗೆ ಇದ್ದದ್ದು ಎರಡು ತಿಂಗಳಿರಬಹುದು. ಅವಳು ಬ್ಯಾಗು ಜೋಡಿಸಿ ತವರಿಗೆ ಹೊರಟರೆ ಏನು ಗತಿ ಅಂತ ನಿದ್ದೆ ಬರಲಿಲ್ಲ.

ಮಾರನೇ ದಿನ ಅಮ್ಮನೇ "ಹೊಸ ಜೋಡಿ ಬೆಟ್ಟಕ್ಕೆ ಹೋಗಿ ರಾಮೇಶ್ವರನಿಗೆ ಕಾಯಿ ಒಡೆಸಿಕೊಂಡು ಬರ್ರಿ" ಅಂತ ಕಳಿಸಿದಳು. ಜಟಿಂಗ ರಾಮೇಶ್ವರ ಅಂದರೆ ರಾವಣ ಸೀತೆಯನ್ನು ಎತ್ತಿಕೊಂಡು ಹೋಗುವಾಗ ಜಟಾಯು ಅಡ್ಡ ಬಂದು ರೆಕ್ಕೆ ಕಳಕೊಂಡು ಬಿದ್ದ ಜಾಗ ಅಂತ ನಮ್ಮ ಕಡೆ ನಂಬಿಕೆ. ಮೆಟ್ಟಿಲು ಹತ್ತುತ್ತಾ ಸುಮ್ಮನೆ ಇರಲಾರದೆ ಅದನ್ನೇ ಹೇಳ್ತಾ ಹೋದೆ. ಅವಳು ಹೂಂ ಹೂಂ ಅಂತಿದ್ದಳು ಅಷ್ಟೆ. ಅರ್ಧ ಬೆಟ್ಟದಲ್ಲಿ ಕೂತು ಸುಧಾರಿಸಿಕೊಳ್ಳುವಾಗ ಇದ್ದಕ್ಕಿದ್ದ ಹಾಗೆ, "ನೀವು ಡ್ರಾಕುಲಾ ಓದಿದ್ದೀರಾ?" ಅಂದಳು.

ಇಲ್ಲ, ಸಿನಿಮಾ ನೋಡಿದ್ದೆ. ಕರೀ ಕೋಟು, ಕೋರೆಹಲ್ಲು. ಅದು ರಕ್ತ ಕುಡಿಯೋ ಪಿಶಾಚಿಯ ಕಥೆ ಅಂತಲೇ ತಿಳಿದಿದ್ದೆ. "ಅದು ಹೊಸದಾಗಿ ಮದುವೆಯಾದವರ ಕಥೆ" ಅಂದಳು ಇವಳು.

ಆಮೇಲೆ ನಾನೂ ಓದಿದೆ, ಅವಳು ಹೇಳಿದ್ದು ಸರಿ. ಬ್ರಾಮ್ ಸ್ಟೋಕರ್ 1897ರಲ್ಲಿ ಬರೆದದ್ದು, ವಿಕ್ಟೋರಿಯಾ ರಾಣಿ ಇನ್ನೂ ಬದುಕಿದ್ದಳು. ಜೋನಾಥನ್ ಅನ್ನೋ ವಕೀಲ ಟ್ರಾನ್ಸಿಲ್ವೇನಿಯಾದ ಕೋಟೆಯಿಂದ ಹೇಗೋ ತಪ್ಪಿಸಿಕೊಂಡು ಬುಡಾಪೆಸ್ಟಿನ ಆಸ್ಪತ್ರೆ ಸೇರ್ತಾನೆ. ಅವನನ್ನು ಮದುವೆಯಾಗಬೇಕಿದ್ದ ಮೀನಾ ಇಂಗ್ಲೆಂಡಿನಿಂದ ಓಡಿ ಬರ್ತಾಳೆ. ಆಸ್ಪತ್ರೆ ಹಾಸಿಗೆಯಲ್ಲೇ ಮದುವೆ. ಕೋಟೆಯಲ್ಲಿ ಕಂಡದ್ದನ್ನೆಲ್ಲಾ ಅವನು ಒಂದು ಡೈರಿಯಲ್ಲಿ ಬರೆದಿದ್ದ. ಅದನ್ನು ಅವಳ ಕೈಗೆ ಕೊಟ್ಟು, ಬೇಕಾದರೆ ಓದು, ನನಗೆ ಮಾತ್ರ ಅದರಲ್ಲಿ ಏನಿದೆ ಅಂತ ನೆನಪಿಸಬೇಡ ಅಂತಾನೆ. ಅವಳು ಓದಲ್ಲ. ಬಿಳೀ ಕಾಗದದಲ್ಲಿ ಸುತ್ತಿ, ಕುತ್ತಿಗೆಯ ನೀಲಿ ರಿಬ್ಬನ್ ಬಿಚ್ಚಿ ಕಟ್ಟಿ, ಅರಗು ಹಾಕಿ ಮದುವೆ ಉಂಗುರದಿಂದಲೇ ಮುದ್ರೆ ಒತ್ತುತ್ತಾಳೆ. ಇದೇ ನಮ್ಮ ನಂಬಿಕೆಗೆ ಗುರುತು ಅಂತಾಳೆ.

ಎಷ್ಟು ಚಂದ ಅಲ್ವಾ? ನನಗೂ ಹಾಗೇ ಅನ್ನಿಸಿತ್ತು.

"ಆದರೆ ಆ ಮುದ್ರೆ ಒಡೆದು ಓದಿದ ಮೇಲೇ ಅವರಿಗೆ ದಾರಿ ಕಂಡಿದ್ದು" ಅಂದಳು. ಲಂಡನ್ನಿನ ಬೀದಿಯಲ್ಲಿ ಆ ಪಿಶಾಚಿಯನ್ನು ಕಂಡು ಗಂಡ ಕುಸಿದುಹೋದಾಗ ಮೀನಾ ಡೈರಿ ತೆಗೆದು ಓದ್ತಾಳೆ. ಟೈಪ್ ಮಾಡ್ತಾಳೆ. ಎಲ್ಲರ ಪತ್ರ, ಡೈರಿ, ತಂತಿ ಎಲ್ಲಾ ತಾರೀಖಿನ ಪ್ರಕಾರ ಜೋಡಿಸ್ತಾಳೆ. ಅದಾದ ಮೇಲೇ ಡ್ರಾಕುಲಾ ಎಲ್ಲಿದ್ದಾನೆ, ಏನು ಮಾಡ್ತಿದ್ದಾನೆ ಅಂತ ಎಲ್ಲರಿಗೂ ತಿಳಿಯೋದು. ಅಷ್ಟಾದ ಮೇಲೆ ಗಂಡಸರು ಏನು ಮಾಡ್ತಾರೆ ಗೊತ್ತಾ? ಹೆಂಗಸು, ಹೆದರಿಕೊಳ್ತಾಳೆ, ಇನ್ನು ಮುಂದೆ ಅವಳಿಗೆ ಏನೂ ಹೇಳೋದು ಬೇಡ ಅಂತ ತೀರ್ಮಾನ ಮಾಡ್ತಾರೆ. ಅವಳನ್ನು ಮನೆಯಲ್ಲಿ ಮಲಗಿಸಿ ತಾವು ದೆವ್ವ ಹುಡುಕೋಕೆ ಹೋಗ್ತಾರೆ. ದೆವ್ವ ಬರೋದು ಅವಳ ಹತ್ತಿರಕ್ಕೇ! ಬೆಳಿಗ್ಗೆ ಅವಳ ಮುಖ ಬಿಳುಚಿಕೊಂಡಿದ್ದು ನೋಡಿ ಪಾಪ ಸುಸ್ತಾಗಿದೆ ಅಂದುಕೊಳ್ತಾರೆ. ಗಂಡ ಗಾಬರಿಯಾಗ್ತಾನೆ ಅಂತ ಅವಳೂ ತನ್ನ ಕೆಟ್ಟ ಕನಸನ್ನು ಹೇಳಲ್ಲ. ಇವನು ಅವಳನ್ನು ಕಾಪಾಡೋಕೆ ಸುಮ್ಮನಿದ್ದಾನೆ, ಅವಳು ಇವನನ್ನು ಕಾಪಾಡೋಕೆ ಸುಮ್ಮನಿದ್ದಾಳೆ. ಮಧ್ಯದಲ್ಲಿ ಅದು ರಾತ್ರಿ ರಾತ್ರಿ ಬಂದು ರಕ್ತ ಕುಡಿದು ಹೋಗ್ತಿದೆ.

"ಅತ್ತೆ ಹೇಳಬೇಡ ಅಂದಿರ್ತಾರೆ, ನನಗೆ ಅರ್ಥ ಆಗುತ್ತೆ. ಅವರಿಗೆ ನನ್ನ ಪರಿಚಯ ಇಲ್ಲ. ನಿಮಗೆ?" ಅಂತ ಕೇಳಿದಳು.

ಆ ತಿಂಗಳು ಎಲ್ಲರ ಬಾಯಲ್ಲೂ ಆಪ್ತಮಿತ್ರ. ಆಗಸ್ಟ್ ಕೊನೆಯಲ್ಲಿ ಬಿಡುಗಡೆಯಾಗಿತ್ತು. ಸೌಂದರ್ಯ ಏಪ್ರಿಲ್‌ನಲ್ಲೇ ವಿಮಾನ ಅಪಘಾತದಲ್ಲಿ ತೀರಿಕೊಂಡಿದ್ದಳು, ತೆರೆ ಮೇಲೆ ಅವಳನ್ನು ನೋಡಿದರೆ ಹೊಟ್ಟೆ ಕಿವುಚಿದ ಹಾಗಾಗ್ತಿತ್ತು. ಊರಿಗೆ ಬರುವ ಮುಂಚೆ ಬೆಂಗಳೂರಿನಲ್ಲಿ ನಾವೂ ನೋಡಿದ್ವಿ. ಗಂಡ ಹೆಂಡತಿ ಹಳೇ ಬಂಗಲೆಗೆ ಬರ್ತಾರೆ, ಬೀಗ ಹಾಕಿದ ಕೋಣೆ ತೆರೆಯಬೇಡಿ ಅಂತ ಎಲ್ಲರೂ ಹೇಳ್ತಾರೆ, ಯಾಕೆ ಅಂತ ಸರಿಯಾಗಿ ಯಾರೂ ಹೇಳಲ್ಲ, ಅವಳು ತೆರೀತಾಳೆ. ಮಲಯಾಳದ ಮಣಿಚಿತ್ರತ್ತಾಳ್ 1993ರಲ್ಲೇ ಬಂದಿತ್ತು, ಅದರ ಕನ್ನಡ ಅವತಾರ ಇದು. ನಾಗವಲ್ಲಿ ದೆವ್ವ ಅಲ್ಲ, ಗಂಗಾಳ ಮನಸ್ಸಿನ ಕಾಯಿಲೆ ಅಂತ ಸಿನಿಮಾನೇ ಬಿಡಿಸಿ ಹೇಳುತ್ತೆ. ಆದರೂ ಜನಕ್ಕೆ ನೆನಪಿರೋದು ನಾಗವಲ್ಲಿಯೇ. 2009ರ ಡಿಸೆಂಬರ್‌ನಲ್ಲಿ ವಿಷ್ಣುವರ್ಧನ್ ತೀರಿಕೊಂಡು, 2010ರಲ್ಲಿ ಆಪ್ತರಕ್ಷಕ ಬಂದಾಗ, ನಮ್ಮೂರಲ್ಲೂ ನಾಗವಲ್ಲಿ ಕಾಟ ಅಂತ ಮಾತಾಡಿಕೊಂಡವರಿದ್ದರು. ಕಾಯಿಲೆಗಿಂತ, ಅಪಘಾತಕ್ಕಿಂತ ನಮಗೆ ದೆವ್ವವೇ ಸುಲಭ. ದೆವ್ವದ ಮೇಲೆ ಹಾಕಿಬಿಟ್ಟರೆ ಮತ್ತೆ ಯಾರನ್ನೂ ಏನನ್ನೂ ಕೇಳಬೇಕಿಲ್ಲ.

ಇದನ್ನು ಅವತ್ತು ನನಗಿಂತ ಚೆನ್ನಾಗಿ ಬಲ್ಲವರು ಯಾರೂ ಇರಲಿಲ್ಲ.

ಬೆಟ್ಟದ ಮೇಲೆ ಶಾಸನ ಇರೋ ಬಂಡೆಗೆ ಬಳೆಗಾರ ಗುಂಡು ಅಂತಾರೆ. ಜಾತ್ರೆಯಲ್ಲಿ ಬಳೆಗಾರರು ಅಂಗಡಿ ಹಾಕ್ತಿದ್ದ ಜಾಗ, ಅದಕ್ಕೆ ಆ ಹೆಸರು. ಬ್ರಹ್ಮಗಿರಿಯದ್ದಕ್ಕಿಂತ ಇಲ್ಲಿ ಅಕ್ಷರಗಳು ತುಂಬಾ ಸವೆದಿವೆ. ಅಲ್ಲಿ ಕೂತು ಇವಳಿಗೆ ಎಲ್ಲಾ ಹೇಳಿದೆ.

ನನ್ನ ಚಿಕ್ಕಮ್ಮ. ಚಿಕ್ಕಪ್ಪನ ಹೆಂಡತಿ. ಅವಳ ತವರಿನಲ್ಲಿ ತಾಯಿ ಇರಲಿಲ್ಲ, ಹಾಗಾಗಿ ಹೆರಿಗೆಗೂ ನಮ್ಮ ಮನೆಯಲ್ಲೇ ಇದ್ದಳು. ನನ್ನನ್ನು ಕಂಡರೆ ಅವಳಿಗೆ ಪ್ರಾಣ. ಮೂರನೇ ಕ್ಲಾಸಿನವರೆಗೂ ನಾನು ಮಲಗ್ತಿದ್ದದ್ದು ಅವಳ ಪಕ್ಕ, ಕಥೆ ಕೇಳ್ತಾ. 1986ರ ಆ ರಾತ್ರಿ ಅಪ್ಪ, ಚಿಕ್ಕಪ್ಪ ಇಬ್ಬರೂ ಶೇಂಗಾ ತಗೊಂಡು ಚಳ್ಳಕೆರೆ ಮಂಡಿಗೆ ಹೋಗಿದ್ದರು. ದಿನ ತುಂಬುವ ಮುಂಚೆಯೇ ನೋವು ಬಂತು. ಅಮ್ಮ ನನ್ನನ್ನು ಎಬ್ಬಿಸಿ, ಓಡಿಹೋಗಿ ಸೂಲಗಿತ್ತಿ ಅಜ್ಜಿಯನ್ನ ಕರಕೊಂಡು ಬಾ ಅಂದಳು. ಅಜ್ಜಿ ಮನೆ ಬೀದಿ ಕೊನೆಗೆ. ನಡುವೆ ಒಂದು ಹುಣಸೆ ಮರ. ಆ ಮರದಲ್ಲಿ ದೆವ್ವ ಇದೆ ಅಂತ ನಮಗೆ ಹುಡುಗರಿಗೆಲ್ಲಾ ಗೊತ್ತಿತ್ತು.

ನಾನು ಮರದ ತನಕ ಹೋದೆ. ಮುಂದೆ ಕಾಲು ಬರಲಿಲ್ಲ. ಹತ್ತು ನಿಮಿಷವೋ ಅರ್ಧ ಗಂಟೆಯೋ ಅಲ್ಲೇ ಗೋಡೆಗೆ ಒತ್ತಿಕೊಂಡು ನಿಂತಿದ್ದೆ. ಆಮೇಲೆ ವಾಪಸ್ ಬಂದು, "ಬಾಗಿಲು ಬಡಿದೆ, ಅಜ್ಜಿ ಏಳಲಿಲ್ಲ" ಅಂದೆ.

ಅಮ್ಮ ಪಕ್ಕದ ಮನೆಯವರನ್ನು ಎಬ್ಬಿಸಿ ಕಳಿಸುವಷ್ಟರಲ್ಲಿ ಇನ್ನೂ ಹೊತ್ತಾಗಿತ್ತು. ಗಾಡಿ ಕಟ್ಟುವ ಮುಂಚೆಯೇ ಹೋಗಿಬಿಟ್ಟಳು. ಮಗುವೂ ಉಳಿಯಲಿಲ್ಲ. ಚಿಕ್ಕಪ್ಪ ಆ ವರ್ಷವೇ ಬಳ್ಳಾರಿಗೆ ಹೋದವನು ಮತ್ತೆ ಮನೆಯಲ್ಲಿ ಒಂದು ರಾತ್ರಿಯೂ ಮಲಗಲಿಲ್ಲ. ಅಮ್ಮ ಕೋಣೆಗೆ ಬೀಗ ಹಾಕಿದಳು. ಒಂದು ತಿಂಗಳೊಳಗೆ ಆ ಕೋಣೆಯಲ್ಲಿ ಅಳು ಕೇಳುತ್ತೆ ಅಂತ ಊರಲ್ಲಿ ಮಾತಾಯ್ತು. ಸೂಲಗಿತ್ತಿ ಅಜ್ಜಿಗೆ ಕಿವಿ ಕೇಳಲ್ಲ, ಕರೆದರೆ ಏಳಲ್ಲ ಅಂತಲೂ ಆಯ್ತು. ನಮ್ಮ ಬೀದಿಯವರು ಮತ್ತೆ ಅವಳನ್ನು ಕರೆಯಲಿಲ್ಲ.

ನಲ್ಲಿ ಹತ್ತಿರ ಇವಳನ್ನು ಮಾತಾಡಿಸಿದ್ದು ಅದೇ ಅಜ್ಜಿ.

ಇವಳು ಬಹಳ ಹೊತ್ತು ಏನೂ ಹೇಳಲಿಲ್ಲ. ನನ್ನ ಬೆನ್ನ ಮೇಲೆ ಕೈ ಇಟ್ಟಳು ಅಷ್ಟೆ. ಆಮೇಲೆ ಬಂಡೆ ತೋರಿಸಿ, ಇದರಲ್ಲಿ ಏನು ಬರೆದಿದೆ ಅಂತ ಕೇಳಿದಳು. ಸ್ಕೂಲಿನಲ್ಲಿ ಮೇಷ್ಟ್ರು ಬಾಯಿಪಾಠ ಮಾಡಿಸಿದ್ದರು, ಗಿಣಿಯ ಹಾಗೆ ಒಪ್ಪಿಸಿದೆ. ತಂದೆ ತಾಯಿಯ ಮಾತು ಕೇಳಬೇಕು. ಪ್ರಾಣಿಗಳ ಮೇಲೆ ದಯೆ ಇರಬೇಕು. ಸತ್ಯವನ್ನು ಹೇಳಬೇಕು. ಶಿಷ್ಯ ಗುರುವನ್ನು ಗೌರವಿಸಬೇಕು. ನೆಂಟರ ಜೊತೆ ಸರಿಯಾಗಿ ನಡಕೊಳ್ಳಬೇಕು. ಸುವರ್ಣಗಿರಿಯಿಂದ ಇಸಿಲದ ಅಧಿಕಾರಿಗಳಿಗೆ ಬಂದ ಆಜ್ಞೆ, ಇಸಿಲ ಅಂದರೆ ನಮ್ಮೂರಿನ ಹಳೇ ಹೆಸರು. ಎರಡು ಸಾವಿರದ ಇನ್ನೂರು ವರ್ಷದಿಂದ ನಮ್ಮೂರ ಸುತ್ತ ಮೂರು ಬಂಡೆ ಮೇಲೆ ಬರೆದಿಟ್ಟಿದ್ದಾರೆ. ನನಗೆ ಅದು ಎರಡು ಮಾರ್ಕಿನ ಪ್ರಶ್ನೆ ಆಗಿತ್ತು.

"ಮೊದಲನೇದು ಕೇಳಿ ಮೂರನೇದು ಬಿಟ್ಟಿದ್ದೀರ" ಅಂದಳು. ಇಬ್ಬರಿಗೂ ನಗು ಬಂತು. ಆ ಹೊತ್ತಿನಲ್ಲಿ ನಗಬಹುದು ಅಂತ ನಾನು ಅಂದುಕೊಂಡಿರಲಿಲ್ಲ.

ಇಳಿಯುವಾಗ ಬ್ರಹ್ಮಗಿರಿಯ ತಪ್ಪಲಿನ ಕಲ್ಲುಗೋರಿಗಳ ಬಗ್ಗೆ ಹೇಳಿದೆ. 1947ರಲ್ಲಿ ವ್ಹೀಲರ್ ಅಗೆಸಿದ ಜಾಗ. ಚಪ್ಪಡಿ ನಿಲ್ಲಿಸಿ ಪೆಟ್ಟಿಗೆ ಥರ ಮಾಡಿ, ಒಳಗೆ ಮೂಳೆ, ಮಡಕೆ, ಕಬ್ಬಿಣದ ಸಾಮಾನು ಇಟ್ಟಿದ್ದಾರೆ. ಪೂರ್ವದ ಚಪ್ಪಡಿಗೆ ಒಂದು ದುಂಡನೆ ತೂತು. ಚಿಕ್ಕವರಿದ್ದಾಗ ಸತ್ತವರು ರಾತ್ರಿ ಅದರಿಂದ ಹೊರಗೆ ಬರ್ತಾರೆ ಅಂತ ಹೆದರ್ತಿದ್ವಿ. ಇವಳು ಅಂದಳು, "ಅವರು ಸತ್ತವರಿಗೂ ಬಾಗಿಲು ಇಟ್ಟಿದ್ರು. ನೀವು ಬೀಗ ಹಾಕಿದ್ರಿ."

ಮನೆಗೆ ಬಂದು ಅಮ್ಮನಿಗೆ ಹೇಳಿದೆ. ಇವಳು ಪಕ್ಕದಲ್ಲೇ ನಿಂತಿದ್ದಳು, ಇಲ್ಲದಿದ್ದರೆ ನನ್ನ ಕೈಲಿ ಆಗ್ತಿರಲಿಲ್ಲ. ಅಮ್ಮ ಬೈಯ್ತಾಳೆ ಅಂದುಕೊಂಡಿದ್ದೆ. ಸುಮ್ಮನೆ ಕೂತಳು. ಆಮೇಲೆ, "ಆಕಿನ ಒಬ್ಬಳನ್ನೇ ಬಿಟ್ಟು ನಾನು ಹೆಂಗೆ ಹೋಗಲಿ ಅಂತ ನಿನ್ನ ಕಳಿಸಿದೆ. ನಾನೇ ಓಡಬೇಕಿತ್ತು ಕಣಪ್ಪ. ಹದಿನೆಂಟು ವರ್ಷ ಅದನ್ನೇ ಅನ್ಕೊಂಡೀನಿ" ಅಂದಳು. ಒಂದೇ ಮನೆಯಲ್ಲಿ ಇಬ್ಬರೂ ಬೇರೆ ಬೇರೆಯಾಗಿ ಅದನ್ನು ಹೊತ್ತುಕೊಂಡು ಓಡಾಡ್ತಿದ್ವಿ!

ಸಂಜೆ ನಾವಿಬ್ಬರೂ ಅಜ್ಜಿ ಮನೆಗೆ ಹೋದ್ವಿ. ಕಟ್ಟೆ ಮೇಲೆ ಕೂತು ಹುಣಸೆಹಣ್ಣು ಬಿಡಿಸ್ತಿದ್ದಳು. ಅವತ್ತು ನಿನ್ನ ಬಾಗಿಲಿಗೆ ನಾನು ಬರಲೇ ಇಲ್ಲ ಅಜ್ಜಿ ಅಂದೆ. ಸಿನಿಮಾದಲ್ಲಾದರೆ ತಲೆ ಸವರಿ, ಕೂಸು ನೀನು, ಬಿಡು ಅಂತಾರೆ. ಅಜ್ಜಿ ಹಾಗೇನೂ ಅನ್ನಲಿಲ್ಲ. ಬಿಡಿಸೋದು ನಿಲ್ಲಿಸಿ ನನ್ನನ್ನು ನೋಡಿ, "ಅವತ್ತೇ ಹೇಳಿದ್ರೆ ಚೆನ್ನಾಗಿತ್ತು ಮಗಾ" ಅಂದಳು. ಮತ್ತೆ ಬೀಜ ಬಿಡಿಸೋಕೆ ಶುರು ಮಾಡಿದಳು. ಹೊರಡುವಾಗ ಇವಳನ್ನು ಮಾತ್ರ ಕರೆದು ಕುಂಕುಮ ಕೊಟ್ಟಳು. ಅಮ್ಮ ಮಾರನೇ ದಿನ ನಲ್ಲಿ ಹತ್ತಿರ ನಾಲ್ಕು ಜನರ ಮುಂದೆ ಜೋರಾಗಿ ಎಲ್ಲಾ ಹೇಳಿಬಂದಳು. ನನ್ನ ಮಾನ ಹೋಯ್ತು. ಹೋಗಬೇಕಾದ್ದೇ.

ಮಹಾಲಯ ಅಮಾವಾಸ್ಯೆಗೆ ಮತ್ತೆ ಊರಿಗೆ ಬಂದ್ವಿ. ಹಿರಿಯರಿಗೆ ಎಡೆ ಇಡುವಾಗ ಅದುವರೆಗೂ ಚಿಕ್ಕಮ್ಮನ ಹೆಸರು ಎತ್ತುತ್ತಿರಲಿಲ್ಲ. ಆ ವರ್ಷ ಇವಳು ಆ ಕೋಣೆಯಲ್ಲೇ ಎಡೆ ಇಟ್ಟಳು. ಹೋಳಿಗೆ, ಹಸಿರು ಬಳೆ, ತನ್ನ ಮದುವೆಯ ಮೊಳಕಾಲ್ಮೂರು ಸೀರೆ. ಕಿಟಕಿ ತೆರೆದಿತ್ತು. ಬಳ್ಳಾರಿಯಿಂದ ಚಿಕ್ಕಪ್ಪನೂ ಬಂದಿದ್ದ.

ಸದ್ದು ನಿಂತಿತಾ ಅಂತ ಮಗಳು ಕೇಳಿದಳು. ಇಲ್ಲ. ಇಲಿಗಳು ಇದ್ದೇ ಇದ್ದವು. ಆದರೆ ಈಗ ಇಲಿ ಅಂದರೆ ಇಲಿ.

ಅಮ್ಮ ಈಗಿಲ್ಲ, ಅಜ್ಜಿಯೂ ಇಲ್ಲ. ಚಿಕ್ಕಮ್ಮ ಉಳೀತಿದ್ದಳಾ ಅನ್ನೋ ಪ್ರಶ್ನೆ ಮಾತ್ರ ಹಾಗೇ ಇದೆ. ಅದಕ್ಕೆ ಉತ್ತರ ಯಾರ ಹತ್ತಿರವೂ ಇಲ್ಲ ಅಂತ ಗೊತ್ತಿದ್ದೂ ಕೆಲವು ರಾತ್ರಿ ಎಚ್ಚರ ಆಗುತ್ತೆ. ಆಗ ನಾನು ಇವಳನ್ನು ಎಬ್ಬಿಸ್ತೀನಿ. "ಮತ್ತೆ ಬಂತಾ?" ಅಂತಾಳೆ. ಹೂಂ ಅಂತೀನಿ. ಸ್ವಲ್ಪ ಹೊತ್ತು ಮಾತಾಡಿ ಮಲಗ್ತೀವಿ.

ಮಗಳ ಕಾದಂಬರಿ ಇನ್ನೂ ಮುಗಿದಿಲ್ಲವಂತೆ. ಗಂಡ ಹೆಂಡತಿ ಹತ್ತಿರ ಏನೋ ಮುಚ್ಚಿಟ್ಟಿದ್ದಾನೆ ಅಂತ ಅವಳಿಗೆ ಅನುಮಾನ. ಮುಚ್ಚಿಟ್ಟೇ ಇರ್ತಾನೆ ಅಂದೆ.

ನಿಮ್ಮ ಮನೆಗಳಲ್ಲೂ ಇಂಥ ಕೋಣೆ ಇದ್ದರೆ, ಕಿಟಕಿ ತೆರೆದ ಕಥೆ ಇದ್ದರೆ, ಬರೀರಿ. ಓದೋಕೆ ನಾನಿದ್ದೀನಿ.